ಮನೆಯ ಕಂಪ್ಯೂಟರ್: ಓದುಗರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಕಂಪ್ಯೂಟರ್ ಬಳಸುವವರಿಗಾಗಿ ಬರೆಯುವುದು ನನ್ನ ಕೆಲಸ. ಪ್ರೋಗ್ರಾಮಿಂಗ್ ಪಾಠ, ಕಚೇರಿಗಳ ಸರ್ವರ್ ನಿರ್ವಹಣೆ ನನ್ನ ವ್ಯಾಪ್ತಿಗೆ ಬರುವುದಿಲ್ಲ. ಓದುಗರ ಪತ್ರಗಳಲ್ಲಿ ಹೆಚ್ಚಿನವು ವಿಂಡೋಸ್ ಬಗ್ಗೆಯೇ ಇರುವುದರಿಂದ ಇಲ್ಲಿನ ಉದಾಹರಣೆಗಳೂ ಹೆಚ್ಚಾಗಿ ಅದರವೇ. ಬರೆಯುವ ಮೊದಲು ನಿಮ್ಮ ಪ್ರಶ್ನೆ ಕೆಳಗೆ ಇದೆಯೇ ಎಂದು ಒಮ್ಮೆ ಕಣ್ಣಾಡಿಸಿ.

ನನ್ನ ತೊಂದರೆಯನ್ನು ನಿಮಗೆ ಹೇಗೆ ಬರೆದು ತಿಳಿಸಲಿ?

ಮೂರು ವಿಷಯ ಬರೆದರೆ ಸಾಕು. ನೀವು ಏನು ಮಾಡಲು ಹೊರಟಿದ್ದಿರಿ, ಆಗ ಪರದೆಯ ಮೇಲೆ ಅಕ್ಷರಶಃ ಏನು ಬಂತು, ಇದಕ್ಕೆ ಸ್ವಲ್ಪ ಮೊದಲು ಏನು ಬದಲಾಗಿತ್ತು. ಮೂರನೆಯದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. "ನಾನೇನೂ ಮಾಡಿಲ್ಲ, ತಾನಾಗಿಯೇ ಕೆಟ್ಟಿತು" ಎಂದವರನ್ನು ಇನ್ನೊಮ್ಮೆ ಕೆದಕಿದರೆ, ಹಿಂದಿನ ದಿನ ಹೊಸ ಪ್ರಿಂಟರ್ ಜೋಡಿಸಿದ್ದೋ, ಮಗ ಯಾವುದೋ ಆಟ ಹಾಕಿಕೊಂಡಿದ್ದೋ, ರಾತ್ರಿ ಅಪ್‌ಡೇಟ್ ಆಗಿದ್ದೋ ಹೊರಬರುತ್ತದೆ. ಯಾರನ್ನೂ ಕಟಕಟೆಗೆ ಹತ್ತಿಸಲು ನಾನು ಹೀಗೆ ಕೇಳುವುದಿಲ್ಲ. ಕಾರಣ ಬಹಳ ಸಲ ಅಲ್ಲೇ ಅಡಗಿರುತ್ತದೆ.

"ಇಂಟರ್ನೆಟ್ ಹೋಗಿದೆ" ಎಂಬ ಒಂದು ಸಾಲಿನ ಪತ್ರವನ್ನೇ ತೆಗೆದುಕೊಳ್ಳಿ. ರೌಟರ್ ನಿಂತಿರಬಹುದು, ಸಂಪರ್ಕ ಕೊಡುವವರ ಕಡೆಯೇ ತೊಂದರೆ ಇರಬಹುದು, ಈ ಒಂದು ಕಂಪ್ಯೂಟರ್ ಮಾತ್ರ ವೈಫೈ ಹಿಡಿಯದೆ ಇರಬಹುದು, ನೀವು ತೆರೆಯಲು ಹೊರಟ ಒಂದು ತಾಣವೇ ಬಿದ್ದಿರಬಹುದು. ಅದೇ ವೈಫೈನಲ್ಲಿ ಫೋನ್ ಕೆಲಸ ಮಾಡುತ್ತಿದೆಯೇ ಎಂದು ನೋಡಿದರೆ ಮೊದಲ ಎರಡು ಕಾರಣಗಳು ಉಳಿಯುತ್ತವೋ ಬಿಡುತ್ತವೋ ಎಂಬುದು ಅರೆನಿಮಿಷದಲ್ಲಿ ತೀರ್ಮಾನವಾಗುತ್ತದೆ.

ತಪ್ಪಿನ ಸಂದೇಶದ ಜೊತೆ ಬರುವ ಉದ್ದನೆಯ ಅಂಕಿಗಳನ್ನು ಕಂಡು ಹೆದರಬೇಡಿ, ಅವನ್ನು ಬಿಡಲೂ ಬೇಡಿ. ಕೊನೆಯಲ್ಲಿ 80070005 ಎಂದಿದ್ದರೆ ಆ ಕೆಲಸಕ್ಕೆ ನಿಮ್ಮ ಖಾತೆಗೆ ಅನುಮತಿ ಇಲ್ಲ ಎಂದು ಅರ್ಥ. 80070070 ಎಂದಿದ್ದರೆ ಡಿಸ್ಕ್‌ನಲ್ಲಿ ಜಾಗ ಇಲ್ಲ. ಕೊನೆಯ ಎರಡು ಅಂಕಿಗಳ ಹೆಚ್ಚುಕಡಿಮೆಯಲ್ಲಿ ಎರಡು ಬೇರೆಯೇ ರೋಗಗಳು. ಆದ್ದರಿಂದ "ಏನೋ ಎಂಟು ಸೊನ್ನೆ ಸೊನ್ನೆ ಏಳು ಅಂತ ಬಂತು" ಎಂದು ಬರೆದರೆ ನನಗೆ ಏನೂ ಮಾಡಲಾಗದು. ವಿಂಡೋಸ್ ಕೀ, ಶಿಫ್ಟ್ ಮತ್ತು ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಬೇಕಾದ ಭಾಗದ ಚಿತ್ರ ಸಿಗುತ್ತದೆ. ಕಳುಹಿಸುವ ಮೊದಲು ಆ ಚಿತ್ರದ ಮೂಲೆಯಲ್ಲಿ ನಿಮ್ಮ ಬ್ಯಾಂಕಿನ ಪುಟವೋ ಯಾರದೋ ಖಾಸಗಿ ಪತ್ರವೋ ಕಾಣುತ್ತಿಲ್ಲ ತಾನೇ ಎಂದು ನೋಡಿಕೊಳ್ಳಿ.

ದೂರದಿಂದಲೇ ನನ್ನ ಕಂಪ್ಯೂಟರ್ ಒಳಗೆ ಬಂದು ಸರಿಮಾಡಿಕೊಡುತ್ತೀರಾ?

ಇಲ್ಲ. ನೀವು ಎಷ್ಟೇ ಒತ್ತಾಯ ಮಾಡಿದರೂ ಇಲ್ಲ. ಗುರುತಿಲ್ಲದವರ ಕೈಗೆ ಕಂಪ್ಯೂಟರ್ ಒಪ್ಪಿಸಬೇಡಿ ಎಂದು ಬರೆಯುವವನು ತಾನೇ ಆ ಅಭ್ಯಾಸ ಮಾಡಿಸಬಾರದು. ನೀವು ನನ್ನನ್ನು ಓದಿ ಬಲ್ಲಿರಿ, ಆದರೆ ನನ್ನ ಹೆಸರಿನಲ್ಲಿ ಬರುವ ಇಮೇಲ್ ನನ್ನದೇ ಎಂಬ ಖಾತರಿ ನಿಮಗಿಲ್ಲ.

ಪರದೆ ತುಂಬ ಕೆಂಪು ಎಚ್ಚರಿಕೆ ಬಂದಿದೆ, ಸದ್ದು ಬೇರೆ ಮಾಡುತ್ತಿದೆ, ಈ ನಂಬರಿಗೆ ಕರೆಮಾಡಿ ಎನ್ನುತ್ತಿದೆ. ಏನು ಮಾಡಲಿ?

ಕರೆ ಮಾಡಬೇಡಿ. ಇದು ಬ್ರೌಸರ್‌ನಲ್ಲಿ ತೆರೆದುಕೊಂಡಿರುವ ಒಂದು ಪುಟ ಅಷ್ಟೇ. ಪರದೆಯನ್ನು ಪೂರ್ತಿ ಆಕ್ರಮಿಸಿಕೊಂಡು ತಾನೇ ವಿಂಡೋಸ್ ಎಂಬಂತೆ ವೇಷ ಹಾಕಿದೆ. ಎಸ್ಕೇಪ್ ಕೀಯನ್ನು ಕೆಲವು ಕ್ಷಣ ಒತ್ತಿಹಿಡಿಯಿರಿ. ಜಗ್ಗದಿದ್ದರೆ ಆಲ್ಟ್ ಮತ್ತು ಎಫ್4. ಅದಕ್ಕೂ ಜಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ತೆರೆಯುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಆರಿಸಿ ಮುಚ್ಚಿ. ಮತ್ತೆ ತೆರೆದಾಗ "ಹಿಂದಿನ ಪುಟಗಳನ್ನು ಮರಳಿ ತರಲೇ" ಎಂದು ಕೇಳಿದರೆ ಬೇಡ ಎನ್ನಿ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಎಂದೂ ಫೋನ್ ನಂಬರ್ ಇರುವುದಿಲ್ಲ. ಈ ಒಂದು ಗುರುತು ನೆನಪಿದ್ದರೆ ಸಾಕು.

ಕರೆ ಮಾಡಿದವರಿಗೆ ಮುಂದೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿನ ನಾಟಕ ಬಹಳ ಪಳಗಿದ್ದು. ಆ ಕಡೆಯವರು ವಿನಯದಿಂದ ಮಾತನಾಡಿ, ದೂರದಿಂದ ಪರದೆ ನೋಡುವ ಒಂದು ತಂತ್ರಾಂಶ ಹಾಕಿಸುತ್ತಾರೆ. ಆ ತಂತ್ರಾಂಶ ಸಾಚಾ ಆಗಿಯೇ ಇರುತ್ತದೆ, ಕಚೇರಿಗಳಲ್ಲಿ ದಿನವೂ ಬಳಸುವಂಥದ್ದು. ಹಾಗಾಗಿ ಆ್ಯಂಟಿವೈರಸ್ ಕೂಡ ತಕರಾರು ಮಾಡುವುದಿಲ್ಲ. ನಂತರ ಈವೆಂಟ್ ವ್ಯೂವರ್ ಎಂಬ, ವಿಂಡೋಸ್‌ನಲ್ಲೇ ಇರುವ ಒಂದು ದಾಖಲೆ ಪುಸ್ತಕವನ್ನು ತೆರೆಸುತ್ತಾರೆ. ಅದರಲ್ಲಿ ಸಾಲುಸಾಲಾಗಿ ಕೆಂಪು ಗುರುತು, ಹಳದಿ ತ್ರಿಕೋನ. "ನೋಡಿ, ಇಷ್ಟೂ ವೈರಸ್" ಎನ್ನುತ್ತಾರೆ. ಯಾವ ಆರೋಗ್ಯವಂತ ಕಂಪ್ಯೂಟರ್‌ನಲ್ಲಿ ತೆರೆದರೂ ಆ ಕೆಂಪು ಹಳದಿ ಸಾಲುಗಳು ಇದ್ದೇ ಇರುತ್ತವೆ. ಯಾವುದೋ ಸೇವೆ ಎರಡು ಸೆಕೆಂಡ್ ತಡವಾಗಿ ಶುರುವಾಗಿದ್ದನ್ನೂ ಅಲ್ಲಿ ಬರೆದಿಡಲಾಗುತ್ತದೆ. ಇಂದೇ ನಿಮ್ಮ ಕಂಪ್ಯೂಟರ್‌ನಲ್ಲಿ ನೀವೇ ಒಮ್ಮೆ ಅದನ್ನು ತೆರೆದು ನೋಡಿಟ್ಟುಕೊಳ್ಳಿ. ಶಾಂತವಾಗಿದ್ದಾಗ ಕಂಡದ್ದನ್ನು ಗಾಬರಿಯ ಹೊತ್ತಿನಲ್ಲಿ ಯಾರಾದರೂ ತೋರಿಸಿ ಹೆದರಿಸಲಾರರು.

ಈಗಾಗಲೇ ಒಳಗೆ ಬಿಟ್ಟುಕೊಂಡಿದ್ದರೆ: ಮೊದಲು ಇಂಟರ್ನೆಟ್ ಕಡಿದುಹಾಕಿ. ಬೇರೊಂದು ಸಾಧನದಿಂದ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ. ಬ್ಯಾಂಕಿಗೆ ತಕ್ಷಣ ತಿಳಿಸಿ. ಇದರಲ್ಲಿ ನಾಚಿಕೆಪಟ್ಟು ಕಳೆಯುವ ಒಂದೊಂದು ಗಂಟೆಯೂ ಅವರಿಗೇ ಲಾಭ.

"ರೀಸ್ಟಾರ್ಟ್ ಮಾಡಿ ನೋಡಿ" ಎನ್ನುವುದು ಸಲಹೆಯೋ, ಸಾಗಹಾಕುವ ಮಾತೋ?

ಸಲಹೆಯೇ. ಆದರೆ ಹೇಳುವವರು ಅರ್ಧವನ್ನಷ್ಟೇ ಹೇಳುತ್ತಾರೆ. "ದಿನವೂ ರಾತ್ರಿ ಶಟ್‌ಡೌನ್ ಮಾಡುತ್ತೇನಲ್ಲ, ಇನ್ನೇನು ರೀಸ್ಟಾರ್ಟ್" ಎಂದು ಬಹಳ ಜನ ಕೇಳುತ್ತಾರೆ. ವಿಂಡೋಸ್ 8 ಬಂದಾಗಿನಿಂದ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇದೆ. ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ ನಿಜ, ಆದರೆ ವಿಂಡೋಸ್‌ನ ಒಳತಿರುಳು ಮುಚ್ಚುವುದಿಲ್ಲ. ಅದು ತನ್ನ ಸ್ಥಿತಿಯನ್ನು ಹಾಗೆಯೇ ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅದನ್ನೇ ಓದಿಕೊಂಡು ಬೇಗ ಏಳುತ್ತದೆ. ನಿನ್ನೆ ಹದಗೆಟ್ಟಿದ್ದ ಡ್ರೈವರ್ (ಪ್ರಿಂಟರ್, ವೈಫೈನಂಥ ಭಾಗಗಳನ್ನು ನಡೆಸುವ ತಂತ್ರಾಂಶ) ಇಂದೂ ಹದಗೆಟ್ಟೇ ಏಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಬುಡದಿಂದ ಶುರುವಾಗುತ್ತದೆ.

ನಂಬಿಕೆ ಬರದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಮೇಲೆ ಒತ್ತಿ. ಕೆಳಗೆ ಅಪ್ ಟೈಮ್ ಎಂದು ಒಂದು ಲೆಕ್ಕ ಕಾಣುತ್ತದೆ. ಪ್ರತಿ ರಾತ್ರಿ ಆರಿಸಿದ ಕಂಪ್ಯೂಟರ್ ಕೂಡ ತಾನು ಹಲವು ದಿನಗಳಿಂದ ಎದ್ದೇ ಇದ್ದೇನೆ ಎಂದು ಅಲ್ಲಿ ಹೇಳುತ್ತಿರುತ್ತದೆ. ಪೂರ್ತಿ ಆರಿಸಲೇಬೇಕಾದರೆ ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಒತ್ತಿ.

ಕಂಪ್ಯೂಟರ್ ತೀರಾ ನಿಧಾನವಾಗಿದೆ. ರ‍್ಯಾಮ್ ಹಾಕಿಸಲೇ, ಹೊಸದೇ ಕೊಳ್ಳಲೇ?

ಎರಡನ್ನೂ ಮಾಡುವ ಮೊದಲು ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಮೂರು ಕಂಬಸಾಲುಗಳನ್ನು ನೋಡಿ. ಮೆಮೊರಿ (ರ‍್ಯಾಮ್‌ಗೇ ಅಲ್ಲಿ ಈ ಹೆಸರು) ಸದಾ 90 ಶೇಕಡಾ ಮೇಲಿದ್ದರೆ ರ‍್ಯಾಮ್ ಸಾಲದು, ಇಲ್ಲವೇ ಬ್ರೌಸರ್‌ನಲ್ಲಿ ತೆರೆದಿಟ್ಟ ಪುಟಗಳು ಅತಿಯಾಗಿವೆ. ಮೆಮೊರಿ ಆರಾಮವಾಗಿದ್ದು ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದ್ದರೆ ನಿಮ್ಮದು ತಿರುಗುವ ಹಾರ್ಡ್‌ಡಿಸ್ಕ್ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಲ್ಯಾಪ್‌ಟಾಪ್‌ಗಳಲ್ಲಿದ್ದ ಸಾಮಾನ್ಯ ಹಾರ್ಡ್‌ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರುವವರೆಗೆ ಉಳಿದವೆಲ್ಲ ಕಾಯಬೇಕು. ವಿಂಡೋಸ್ ಏಳುವಾಗ ಇಂಥ ಚಿಕ್ಕಚಿಕ್ಕ ಓದುಗಳು ಸಾವಿರಾರು. ಚಿಪ್‌ಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಹಾಗಾಗಿ ಆ ಕಾಯುವಿಕೆಯೂ ಇಲ್ಲ. ಹಳೆಯ ಕಂಪ್ಯೂಟರ್‌ಗೆ ಒಂದೇ ಒಂದು ಬದಲಾವಣೆ ಮಾಡಿಸುವುದಾದರೆ ನನ್ನ ಮತ ಎಂದೂ ಎಸ್‌ಎಸ್‌ಡಿಗೇ.

ಟಾಸ್ಕ್ ಮ್ಯಾನೇಜರ್‌ನಲ್ಲೇ ಸ್ಟಾರ್ಟಪ್ ಎಂಬ ವಿಭಾಗವೂ ಇದೆ. ಕಂಪ್ಯೂಟರ್ ಹಚ್ಚಿದ ಕೂಡಲೇ ತಾವೂ ಎದ್ದು ಕೂರುವ ಪ್ರೋಗ್ರಾಂಗಳ ಪಟ್ಟಿ ಅದು. ಪ್ರಿಂಟರ್ ತಯಾರಕರ ಸಹಾಯಕ, ಎಂದೋ ಹಾಕಿದ ಆಟದ ಅಂಗಡಿ, ಮಾತುಕತೆಯ ಆ್ಯಪ್‌ಗಳು ಎಲ್ಲವೂ ಅಲ್ಲಿ ಠಿಕಾಣಿ ಹೂಡಿರುತ್ತವೆ. ಬೇಡದವನ್ನು ಅಲ್ಲಿ ನಿಲ್ಲಿಸಿದರೆ ಅವು ಅಳಿಸಿಹೋಗುವುದಿಲ್ಲ, ಕರೆದಾಗ ಮಾತ್ರ ಬರುತ್ತವೆ.

ರಿಜಿಸ್ಟ್ರಿ ಕ್ಲೀನರ್, ಪಿಸಿ ಬೂಸ್ಟರ್ ಹಾಕಿದರೆ ವೇಗ ಹೆಚ್ಚುವುದೇ?

ಇಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ನೂರಾರು ಅನಾಥ ಸಾಲುಗಳಿದ್ದರೂ ವೇಗಕ್ಕೆ ಏನೂ ಆಗದು, ತಪ್ಪು ಸಾಲೊಂದನ್ನು ಅಳಿಸಿದರೆ ಮಾತ್ರ ವಿಂಡೋಸ್ ಏಳದೇ ಹೋಗಬಹುದು. ಇಂಥ ಸಾಧನಗಳ ಬಳಕೆಯನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲ. ನಾನಂತೂ ಇವುಗಳ ಬಗ್ಗೆ ಒಂದು ಒಳ್ಳೆಯ ಮಾತೂ ಬರೆದಿಲ್ಲ, ಬರೆಯುವುದೂ ಇಲ್ಲ.

ಆ್ಯಂಟಿವೈರಸ್ ವಿಚಾರ ಬೇರೆ. ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಜೊತೆಯಲ್ಲೇ ಬರುತ್ತದೆ, ಮನೆಯ ಮಟ್ಟಿಗೆ ಅದು ಸಾಕು. ಎರಡು ಆ್ಯಂಟಿವೈರಸ್ ಒಟ್ಟಿಗೆ ಓಡಿಸಬೇಡಿ.

ಅಪ್‌ಡೇಟ್‌ಗಳನ್ನು ನಿಲ್ಲಿಸಿಬಿಡಬಹುದೇ? ಪ್ರತಿ ಸಲ ಕೆಲಸದ ಮಧ್ಯೆ ಬರುತ್ತವೆ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ 2017ರ ಮೇ ತಿಂಗಳಿನಲ್ಲಿ ವನ್ನಾಕ್ರೈ ಎಂಬ ಪಿಡುಗು ಹಲವಾರು ದೇಶಗಳ ಕಂಪ್ಯೂಟರ್‌ಗಳನ್ನು ಬೀಗ ಹಾಕಿ ಹಣ ಕೇಳಿದಾಗ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಬಂದು ಆಗಲೇ ಎರಡು ತಿಂಗಳಾಗಿತ್ತು. ಮಾರ್ಚ್‌ನಲ್ಲೇ ಹಾಕಿಕೊಂಡಿದ್ದವರ ಕಂಪ್ಯೂಟರ್‌ಗೆ ಆ ಕಿಂಡಿಯಿಂದ ಅದು ನುಗ್ಗಲಾಗಲಿಲ್ಲ.

ಭದ್ರತಾ ಅಪ್‌ಡೇಟ್‌ಗಳು ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆಯಾಗುತ್ತವೆ. ಆ ವಾರದಲ್ಲಿ ನಿಮಗೆ ಬಿಡುವಿರುವ ಹೊತ್ತು ನೋಡಿ ನೀವೇ ಅಪ್‌ಡೇಟ್ ಒತ್ತಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವ್ ಅವರ್ಸ್ ಎಂದು ನಿಮ್ಮ ಕೆಲಸದ ಸಮಯ ನಮೂದಿಸಿದರೆ ಆ ಹೊತ್ತಿನಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗದು.

ನನ್ನದು ವಿಂಡೋಸ್ 10. ಎಸೆಯಬೇಕೇ?

ಎಸೆಯುವ ಮಾತು ಕೊನೆಗಿರಲಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಯ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್‌ಗಳನ್ನು ಇನ್ನೊಂದು ವರ್ಷ ಕೊಡುವ ಯೋಜನೆಯನ್ನು ಮೈಕ್ರೋಸಾಫ್ಟ್ ತಂದಿತು. ಅದಕ್ಕೆ ನೀವಾಗಿ ನೋಂದಾಯಿಸಿಕೊಳ್ಳಬೇಕು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಮತ್ತು ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳು ಆ ಪಟ್ಟಿಯಲ್ಲಿಲ್ಲ. ಟಿಪಿಎಂ ಇಲ್ಲ ಎಂದು ಬಂದರೆ ಮಾತ್ರ ಕೂಡಲೇ ಕೈಚೆಲ್ಲಬೇಡಿ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಇರುತ್ತದೆ, ಬಯೋಸ್ (ವಿಂಡೋಸ್‌ಗಿಂತ ಮೊದಲು ಏಳುವ ಮೂಲ ತಂತ್ರಾಂಶ) ಸೆಟ್ಟಿಂಗ್‌ನಲ್ಲಿ ಆಫ್ ಮಾಡಿಟ್ಟಿರುತ್ತಾರೆ.

ಪ್ರೊಸೆಸರೇ ಹಳೆಯದಾದರೆ, ಮತ್ತು ಆ ಕಂಪ್ಯೂಟರ್ ನಿಮಗೆ ಬ್ರೌಸರ್, ಇಮೇಲ್, ಪತ್ರ ಬರೆಯಲಷ್ಟೇ ಬೇಕಾದರೆ, ಲಿನಕ್ಸ್ ಮಿಂಟ್ ಹಾಕಿಸಿ. ಯುಎಸ್‌ಬಿ ಪೆನ್‌ಡ್ರೈವ್‌ನಿಂದಲೇ ಓಡಿಸಿ, ವೈಫೈ, ಧ್ವನಿ, ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ನೋಡಿ, ಆಮೇಲೆ ನಿರ್ಧರಿಸಬಹುದು. ವಿಂಡೋಸ್‌ನಲ್ಲಿ ಮಾತ್ರ ಓಡುವ ಲೆಕ್ಕಪತ್ರದ ತಂತ್ರಾಂಶವನ್ನು ನೆಚ್ಚಿಕೊಂಡವರು ಈ ದಾರಿ ಹಿಡಿಯದಿರುವುದೇ ಲೇಸು.

ಮೋಡದಲ್ಲಿ (ಇಂಟರ್ನೆಟ್‌ನ ಕ್ಲೌಡ್‌ನಲ್ಲಿ) ಎಲ್ಲ ಫೋಟೋಗಳೂ ಇವೆ. ಇನ್ನೂ ಬ್ಯಾಕಪ್ ಬೇಕೇ?

ಬೇಕು. ಈ ಒಂದು ಗೊಂದಲದಿಂದ ಕಳೆದುಕೊಂಡ ಫೋಟೋಗಳ ಪತ್ರಗಳನ್ನು ಓದುವುದು ನನ್ನ ಕೆಲಸದ ಅತ್ಯಂತ ಕಷ್ಟದ ಭಾಗ. ಒನ್‌ಡ್ರೈವ್, ಗೂಗಲ್ ಡ್ರೈವ್, ಐಕ್ಲೌಡ್ ಇವೆಲ್ಲ ಮೂಲತಃ ಸಿಂಕ್ ಮಾಡುತ್ತವೆ. ಎಲ್ಲ ಸಾಧನಗಳಲ್ಲೂ ಒಂದೇ ಸ್ಥಿತಿ ಇರುವಂತೆ ನೋಡಿಕೊಳ್ಳುವುದು ಅವುಗಳ ಧರ್ಮ. ನೀವು ಫೋನಿನಲ್ಲಿ ಜಾಗ ಮಾಡಲೆಂದು ಒಂದು ಫೋಲ್ಡರ್ ಅಳಿಸಿದರೆ, ಅವು ನಿಷ್ಠೆಯಿಂದ ಕಂಪ್ಯೂಟರ್‌ನಲ್ಲೂ ಅಳಿಸುತ್ತವೆ. ಅಳಿಸಿದ ಫೈಲ್ ಅವುಗಳ ಕಸದ ಬುಟ್ಟಿಯಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತದೆ. ಹಬ್ಬದ ಫೋಟೋ ಕಾಣೆಯಾದದ್ದು ಮುಂದಿನ ಹಬ್ಬಕ್ಕೆ ಗೊತ್ತಾದರೆ ಕಾಲ ಮೀರಿರುತ್ತದೆ.

ಬ್ಯಾಕಪ್ ಎಂದರೆ ಮೂಲ ಕೆಟ್ಟಾಗ ಕೆಡದೆ ಉಳಿಯುವ ಪ್ರತಿ. ಛಾಯಾಗ್ರಾಹಕರ ನಡುವೆ ಹುಟ್ಟಿ ಎಲ್ಲೆಡೆ ಹಬ್ಬಿದ 3-2-1 ಎಂಬ ನಿಯಮವನ್ನೇ ನಾನು ಹೇಳುವುದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯ ಹೊರಗೆ. ಕಂಪ್ಯೂಟರ್‌ನಲ್ಲಿರುವುದು ಒಂದು, ಹೊರಗಿನ ಡಿಸ್ಕ್‌ನಲ್ಲಿರುವುದು ಎರಡು, ಮೋಡದಲ್ಲಿರುವುದು ಮೂರು. ಹೊರಗಿನ ಡಿಸ್ಕ್ ಅನ್ನು ಪ್ರತಿ ತೆಗೆದ ಮೇಲೆ ಕಳಚಿಡಿ. ಸದಾ ಜೋಡಿಸಿದ್ದರೆ, ಫೈಲ್‌ಗಳಿಗೆ ಬೀಗ ಹಾಕುವ ದುಷ್ಟ ತಂತ್ರಾಂಶ ಬಂದಾಗ ಅದಕ್ಕೂ ಬೀಗ ಬೀಳುತ್ತದೆ. ವಿಂಡೋಸ್‌ನ ಫೈಲ್ ಹಿಸ್ಟರಿ, ಮ್ಯಾಕ್‌ನ ಟೈಮ್ ಮಷೀನ್ ಎರಡೂ ಪುಕ್ಕಟೆ, ಎರಡೂ ಹಳೆಯ ಆವೃತ್ತಿಗಳನ್ನು ಕಾಪಾಡುತ್ತವೆ.

ಕೊನೆಯದಾಗಿ, ಆಗಾಗ ಒಂದು ಫೈಲನ್ನು ಬ್ಯಾಕಪ್‌ನಿಂದ ಮರಳಿ ತಂದು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಅಳಿಸಿದ ಫೈಲ್ ಮರಳಿ ಸಿಗುತ್ತದೆಯೇ?

ರೀಸೈಕಲ್ ಬಿನ್ ನೋಡಿ, ಮೋಡದ ಕಸದ ಬುಟ್ಟಿ ನೋಡಿ. ಪೆನ್‌ಡ್ರೈವ್‌ನಿಂದ ಅಳಿಸಿದ್ದರೆ ಅದು ಬಿನ್‌ಗೆ ಬಂದೇ ಇರುವುದಿಲ್ಲ. ಆಗ ಆ ಡ್ರೈವ್‌ಗೆ ಹೊಸದೇನನ್ನೂ ಬರೆಯದೆ ಪಕ್ಕಕ್ಕಿಡಿ, ಮರಳಿ ಪಡೆಯುವ ತಂತ್ರಾಂಶಗಳಿಗೆ ಅವಕಾಶ ಉಳಿಯುತ್ತದೆ. ಕಂಪ್ಯೂಟರ್ ಒಳಗಿನ ಎಸ್‌ಎಸ್‌ಡಿಯಲ್ಲಾದರೆ ಅವಕಾಶ ಬಹಳ ಕಡಿಮೆ, ಅಳಿಸಿದ ಜಾಗವನ್ನು ಅದು ಬೇಗನೆ ತಾನೇ ಒರೆಸಿಕೊಳ್ಳುತ್ತದೆ.

1 ಟಿಬಿ ಡಿಸ್ಕ್ ಕೊಂಡೆ, 931 ಜಿಬಿ ಎಂದು ತೋರಿಸುತ್ತಿದೆ. ಮೋಸವೇ?

ಅಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಬೈಟ್‌ಗಳು ಅಷ್ಟೇ ಇವೆ. ಅದೇ ಡಿಸ್ಕ್ ಅನ್ನು ಮ್ಯಾಕ್‌ಗೆ ಜೋಡಿಸಿದರೆ 1 ಟಿಬಿ ಎಂದೇ ತೋರಿಸುತ್ತದೆ.

ಇಂಟರ್ನೆಟ್ ವೇಗದ್ದೂ ಇಂಥದೇ ಕಥೆ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಒಂದು ಬೈಟ್‌ಗೆ ಎಂಟು ಬಿಟ್, ಹಾಗಾಗಿ ಫೈಲ್ ಇಳಿಯುವಾಗ ಹೆಚ್ಚೆಂದರೆ 12.5 ಮೆಗಾಬೈಟ್ ಕಾಣುತ್ತದೆ.

ಎಲ್ಲ ತಾಣಗಳೂ "ಸಂಪರ್ಕ ಸುರಕ್ಷಿತವಲ್ಲ" ಎನ್ನುತ್ತಿವೆ. ವೈರಸ್ ಬಂದಿದೆಯೇ?

ಮೊದಲು ಪರದೆಯ ಮೂಲೆಯ ಗಡಿಯಾರ ನೋಡಿ. ತಾರೀಖು ಎಷ್ಟೋ ವರ್ಷ ಹಿಂದಿನದಾಗಿದ್ದರೆ ಉತ್ತರ ಸಿಕ್ಕಿತು. ಪ್ರತಿ ಸುರಕ್ಷಿತ ತಾಣಕ್ಕೂ ಇಂತಿಷ್ಟು ದಿನಾಂಕದಿಂದ ಇಂತಿಷ್ಟು ದಿನಾಂಕದವರೆಗೆ ಎಂಬ ಪ್ರಮಾಣಪತ್ರ ಇರುತ್ತದೆ. ನಿಮ್ಮ ಕಂಪ್ಯೂಟರ್ ಹಳೆಯ ಕಾಲದಲ್ಲಿ ಕುಳಿತಿದ್ದರೆ ಅದರ ಪಾಲಿಗೆ ಎಲ್ಲ ಪ್ರಮಾಣಪತ್ರಗಳೂ ಇನ್ನೂ ಹುಟ್ಟಿಲ್ಲ. ತಾರೀಖು ಸರಿಪಡಿಸಿ. ಪ್ರತಿ ಸಲ ಹಚ್ಚಿದಾಗಲೂ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ತೀರಿದೆ. ಡೆಸ್ಕ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ ಸಿಆರ್ 2032. ಒಂದೇ ಒಂದು ತಾಣ ಮಾತ್ರ ಹಾಗೆ ಹೇಳಿದರೆ ತಪ್ಪು ಆ ತಾಣದ್ದು, ಅಲ್ಲಿ ಪಾಸ್‌ವರ್ಡ್ ಹಾಕಬೇಡಿ.

ಪಾಸ್‌ವರ್ಡ್‌ಗಳನ್ನು ಪುಸ್ತಕದಲ್ಲಿ ಬರೆದಿಡಬಹುದೇ?

ಮನೆಯೊಳಗಿನ ಪುಸ್ತಕವಾದರೆ ಧಾರಾಳವಾಗಿ. ದೂರದ ಕಳ್ಳನಿಗೆ ನಿಮ್ಮ ಕಪಾಟಿನೊಳಗೆ ಕೈಹಾಕಲು ಬರುವುದಿಲ್ಲ. ಎಲ್ಲೆಡೆ ಒಂದೇ ಪಾಸ್‌ವರ್ಡ್ ಬಳಸುವುದು ಇದಕ್ಕಿಂತ ಎಷ್ಟೋ ಪಾಲು ಅಪಾಯ. ಯಾವುದೋ ಸಣ್ಣ ತಾಣದಿಂದ ಸೋರಿಹೋದ ಪಾಸ್‌ವರ್ಡ್ ಅನ್ನು ಕಳ್ಳರು ಮೊದಲು ನಿಮ್ಮ ಇಮೇಲ್‌ಗೇ ಹಾಕಿ ನೋಡುತ್ತಾರೆ. ಇಮೇಲ್ ಸಿಕ್ಕಿದರೆ ಉಳಿದ ಎಲ್ಲದರ "ಪಾಸ್‌ವರ್ಡ್ ಮರೆತಿದ್ದೇನೆ" ಕೊಂಡಿ ಅಲ್ಲಿಗೇ ಬರುತ್ತದೆ. ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ತಂತ್ರಾಂಶವಾದ ಪಾಸ್‌ವರ್ಡ್ ಮ್ಯಾನೇಜರ್ ಬಳಸುವುದು ಇನ್ನೂ ಒಳ್ಳೆಯದು, ಇಮೇಲ್‌ಗೆ ಎರಡು ಹಂತದ ದೃಢೀಕರಣ ಇರಲೇಬೇಕು.

ಮೂರು ತಿಂಗಳಿಗೊಮ್ಮೆ ಬದಲಿಸುವ ಹಳೆಯ ಕಟ್ಟಳೆ ಬಿಡಿ. ಅಮೆರಿಕ ಸರ್ಕಾರದ ಮಾನದಂಡಗಳ ಸಂಸ್ಥೆಯಾದ ಎನ್‌ಐಎಸ್‌ಟಿಯೇ 2017ರ ತನ್ನ ಮಾರ್ಗಸೂಚಿಯಲ್ಲಿ ಕಾರಣವಿಲ್ಲದೆ ಬದಲಿಸಲು ಒತ್ತಾಯಿಸಬಾರದು ಎಂದಿತು. ಒತ್ತಾಯಿಸಿದಾಗ ಜನ ಕೊನೆಯ ಅಂಕಿಯನ್ನು ಒಂದು ಹೆಚ್ಚಿಸಿ ಸುಮ್ಮನಾಗುತ್ತಾರೆ. ಚಿಹ್ನೆಗಳ ಸರ್ಕಸ್‌ಗಿಂತ ಉದ್ದ ಮುಖ್ಯ.

ನೀಲಿ ಪರದೆ ಬಂದು 48 ಅಂಕಿಗಳ ಕೀ ಕೇಳುತ್ತಿದೆ. ನಾನು ಅಂಥದ್ದೇನೂ ಇಟ್ಟಿಲ್ಲ.

ಇಟ್ಟಿದ್ದು ನೀವಲ್ಲ, ವಿಂಡೋಸ್. ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕ್‌ನ ಗೂಢಲಿಪೀಕರಣ (ಕೀ ಇಲ್ಲದೆ ಓದಲಾಗದಂತೆ ಬೀಗ ಹಾಕುವ ಬಿಟ್‌ಲಾಕರ್ ವ್ಯವಸ್ಥೆ) ಹೆಚ್ಚಾಗಿ ತಾನಾಗಿಯೇ ಶುರುವಾಗುತ್ತದೆ. ಬಯೋಸ್ ಅಪ್‌ಡೇಟ್‌ನಂಥ ದೊಡ್ಡ ಬದಲಾವಣೆ ಆದಾಗ ಅದು ಅನುಮಾನಪಟ್ಟು ಈ ಕೀ ಕೇಳುತ್ತದೆ. ಫೋನಿನಿಂದ ಅದೇ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಸಾಧನಗಳ ಪಟ್ಟಿಯಲ್ಲಿ ಬಿಟ್‌ಲಾಕರ್ ರಿಕವರಿ ಕೀ ಹುಡುಕಿ. ಕಂಪ್ಯೂಟರ್ ಮೊದಲು ಸಜ್ಜುಮಾಡಿದವರು ಅಂಗಡಿಯವರೋ ನೆಂಟರೋ ಆಗಿದ್ದರೆ ಕೀ ಅವರ ಖಾತೆಯಲ್ಲಿರಬಹುದು. ಎಲ್ಲೂ ಸಿಗದಿದ್ದರೆ ಡಿಸ್ಕ್‌ನಲ್ಲಿದ್ದದ್ದು ಹೋಯಿತು, ನಾನಾಗಲಿ ಬೇರೆ ಯಾರಾಗಲಿ ತೆರೆಯಲಾರೆವು. ತೆರೆದುಕೊಡುತ್ತೇನೆ ಎಂದು ಹಣ ಕೇಳುವವರನ್ನು ನಂಬಬೇಡಿ. ಬಳಕೆದಾರರಿಗೆ ಸರಿಯಾಗಿ ತಿಳಿಸದೆ ಇಂಥದ್ದನ್ನು ಶುರುಮಾಡುವುದು ನನಗೆ ಒಪ್ಪಿಗೆಯಿಲ್ಲ. ಕಂಪ್ಯೂಟರ್ ಸರಿಯಿರುವ ಇಂದೇ ಆ ಕೀ ಬರೆದಿಟ್ಟುಕೊಳ್ಳಿ.

ಇಮೇಲ್‌ಗೆ ಬಂದ ಫೈಲ್ ತೆರೆಯಬಹುದೇ ಎಂದು ತಿಳಿಯುವುದು ಹೇಗೆ?

ಫೈಲ್‌ನ ಪೂರ್ತಿ ಹೆಸರು ಕಾಣುವಂತೆ ಮಾಡಿಕೊಳ್ಳಿ. ವಿಂಡೋಸ್ ಇಂದಿಗೂ ಹೆಸರಿನ ಬಾಲವನ್ನು ಮರೆಮಾಡಿಯೇ ಬರುತ್ತದೆ. 2000ದ ಮೇ ತಿಂಗಳಿನಲ್ಲಿ ಪ್ರೇಮಪತ್ರದ ಸೋಗಿನಲ್ಲಿ ಹರಡಿದ ಹುಳು ಇದನ್ನೇ ಬಳಸಿಕೊಂಡಿತು. ಹೆಸರು ಟಿಎಕ್ಸ್‌ಟಿ ಎಂದು ಮುಗಿದಂತೆ ಕಾಣುತ್ತಿತ್ತು, ಅದರ ಹಿಂದೆ ವಿಬಿಎಸ್ ಎಂಬ ನಿಜವಾದ ಬಾಲ ಅಡಗಿತ್ತು. ಜನ ಪಠ್ಯವೆಂದು ತಿಳಿದು ಒತ್ತಿದ್ದು ಒಂದು ಪ್ರೋಗ್ರಾಂ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಪಟ್ಟಿಯಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದಕ್ಕೆ ಗುರುತು ಹಾಕಿ.

ಕನ್ನಡದ ಹಳೆಯ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ.

ಅದು ಯೂನಿಕೋಡ್‌ಗೆ (ಪ್ರತಿ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ವ್ಯವಸ್ಥೆಗೆ) ಮೊದಲಿನ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ್ದು. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಬಯಲಾಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳ ಮೇಲೆ ಒಂದು ಕಣ್ಣಿರಲಿ, ಎಡವುವುದು ಅಲ್ಲೇ. ಹೊಸದಾಗಿ ಬರೆಯಲು ವಿಂಡೋಸ್‌ನಲ್ಲೇ ಕನ್ನಡದ ಕೀಬೋರ್ಡ್ ಇದೆ, ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು.

ಪ್ರಿಂಟರ್...

ಆರಿಸಿ, ಹಚ್ಚಿ. ಸಾಲಿನಲ್ಲಿ ಸಿಕ್ಕಿಕೊಂಡ ಹಳೆಯ ಮುದ್ರಣಗಳನ್ನು ರದ್ದುಮಾಡಿ. ಸೆಟ್ಟಿಂಗ್ಸ್‌ನಿಂದ ಪ್ರಿಂಟರ್ ತೆಗೆದು ಮತ್ತೆ ಸೇರಿಸಿ. ಇಷ್ಟು ವರ್ಷಗಳಲ್ಲಿ ಈ ಯಂತ್ರ ಇನ್ನೂ ಏಕೆ ಹೀಗಿದೆ ಎಂಬುದಕ್ಕೆ ನನ್ನಲ್ಲಿ ಸಭ್ಯವಾದ ಉತ್ತರವಿಲ್ಲ.

ನೀವು ಬರೆದಂತೆ ಹೋದರೆ ಆ ಮೆನು ನನ್ನ ಕಂಪ್ಯೂಟರ್‌ನಲ್ಲಿ ಇಲ್ಲವೇ ಇಲ್ಲ. ಏಕೆ?

ಬರೆಯುವ ಮೊದಲು ಪ್ರತಿ ಹೆಜ್ಜೆಯನ್ನೂ ಹೊಸ ಬಳಕೆದಾರ ಖಾತೆಯೊಂದರಲ್ಲಿ ಮಾಡಿ ನೋಡುತ್ತೇನೆ. ನನ್ನ ಸ್ವಂತ ಖಾತೆಯಲ್ಲಿ ಎಂದೋ ಬದಲಿಸಿದ ಸೆಟ್ಟಿಂಗ್‌ಗಳು ದಾರಿ ತಪ್ಪಿಸುತ್ತವೆ. ಆದರೂ ತಯಾರಕರು ಮೆನುಗಳನ್ನು ಅತ್ತಿಂದಿತ್ತ ಸರಿಸುತ್ತಲೇ ಇರುತ್ತಾರೆ. ಹಾಗಾಗಿ ಜಾಗಕ್ಕಿಂತ ಸೆಟ್ಟಿಂಗ್‌ನ ಹೆಸರು ನೆನಪಿಟ್ಟುಕೊಂಡು ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ಬರೆಯಿರಿ. ಪತ್ರ ಬರೆಯುವಾಗ ನಿಮ್ಮ ವಿಂಡೋಸ್ ಆವೃತ್ತಿ ತಿಳಿಸಿ. ವಿಂಡೋಸ್ ಕೀ ಮತ್ತು ಆರ್ ಒತ್ತಿ, ವಿನ್‌ವರ್ (winver) ಎಂದು ಇಂಗ್ಲಿಷ್‌ನಲ್ಲಿ ಬೆರಳಚ್ಚಿಸಿ ಎಂಟರ್ ಒತ್ತಿದರೆ ಅದು ಕಾಣುತ್ತದೆ.

ಎಐ ಚಾಟ್‌ಬಾಟ್ ಕೇಳಿದರೆ ಸಾಲದೇ?

ತಪ್ಪಿನ ಸಂದೇಶದ ಅರ್ಥ ಬಿಡಿಸಲು, ಯಾವ ಪದ ಹಾಕಿ ಹುಡುಕಬೇಕೆಂದು ತಿಳಿಯಲು ಕೇಳಿ, ನಾನೂ ಕೇಳುತ್ತೇನೆ. ಆದರೆ ಇಲ್ಲದ ಮೆನುವನ್ನೂ ಅದು ಇದೆ ಎಂದೇ ಗಟ್ಟಿ ದನಿಯಲ್ಲಿ ಹೇಳಬಲ್ಲದು. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯಲ್ಲಿ ಬೆರಳಚ್ಚಿಸಲು ಅದು ಕೊಟ್ಟ ಆಜ್ಞೆ ಏನು ಮಾಡುತ್ತದೆ ಎಂದು ತಿಳಿಯದೆ ಎಂಟರ್ ಒತ್ತಬೇಡಿ. ಡೆಲ್ (del), ಫಾರ್ಮ್ಯಾಟ್ (format), ಡಿಸ್ಕ್‌ಪಾರ್ಟ್ (diskpart) ಎಂಬ ಪದ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ.

ಅಪ್ಪ ಅಮ್ಮನಿಗೆ ಕಂಪ್ಯೂಟರ್ ಕಲಿಸುತ್ತಿದ್ದೇನೆ. ಹೇಳಿದ್ದನ್ನೇ ಎಷ್ಟು ಸಲ ಹೇಳಲಿ?

ಮೊದಲು ಮೌಸ್ ಅವರ ಕೈಯಲ್ಲೇ ಬಿಡಿ. ನೀವು ಕಿತ್ತುಕೊಂಡು ಚಕಚಕನೆ ಒತ್ತಿ ತೋರಿಸಿದ್ದು ಅವರಿಗೆ ಪಾಠವಾಗದು, ಪರದೆ ಮಿಂಚಿದ್ದಷ್ಟೇ ಕಾಣುತ್ತದೆ. ಅಕ್ಷರ ದೊಡ್ಡದು ಮಾಡಿಕೊಡಿ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಟೆಕ್ಸ್ಟ್ ಸೈಜ್ ಇದೆ, ಬ್ರೌಸರ್‌ನಲ್ಲಿ ಕಂಟ್ರೋಲ್ ಮತ್ತು ಪ್ಲಸ್. ನೆನಪಿನ ತೊಂದರೆ ಎಂದು ನಾವು ಅಂದುಕೊಳ್ಳುವುದು ಎಷ್ಟೋ ಸಲ ಕಣ್ಣಿನ ತೊಂದರೆ. ಡಬಲ್ ಕ್ಲಿಕ್ ಮಾಡುವಾಗ ಕೈ ಅಲುಗಿದರೆ ಮೌಸ್ ಸೆಟ್ಟಿಂಗ್‌ನಲ್ಲಿ ಅದರ ವೇಗ ಕಡಿಮೆ ಮಾಡಿ, ಇಲ್ಲವೇ ಒಮ್ಮೆ ಒತ್ತಿ ಎಂಟರ್ ಹೊಡೆಯುವುದನ್ನು ಕಲಿಸಿ.

ಮೊದಲ ಪಾಠವಾಗಿ ನಾನು ಹೇಳುವುದು ಕಂಟ್ರೋಲ್ ಮತ್ತು ಜೆಡ್. ಬರೆದದ್ದು ಅಳಿಸಿಹೋದರೆ, ಫೈಲ್ ಎಲ್ಲಿಗೋ ಸರಿದರೆ ಅದನ್ನು ಒತ್ತಿ ನೋಡಲಿ. ಬ್ರೌಸರ್‌ನ ಪುಟ ಮುಚ್ಚಿಹೋದರೆ ಕಂಟ್ರೋಲ್, ಶಿಫ್ಟ್, ಟಿ. ಮಾಡಿದ್ದನ್ನು ಹಿಂದಕ್ಕೆ ತರಬಹುದು ಎಂದು ಒಮ್ಮೆ ಕೈಯಾರೆ ಕಂಡವರು ಆಮೇಲೆ ಗುಂಡಿ ಒತ್ತಲು ನಿಮ್ಮ ಅಪ್ಪಣೆ ಕಾಯುವುದಿಲ್ಲ. ಹೆಜ್ಜೆಗಳನ್ನು ಅವರದೇ ಮಾತಿನಲ್ಲಿ, ಅವರದೇ ಕೈಬರಹದಲ್ಲಿ ಬರೆದುಕೊಳ್ಳಲಿ. "ಮೇಲೆ ಬಲಗಡೆ ಮೂರು ಚುಕ್ಕೆ" ಎಂದು ಬರೆದರೂ ಪರವಾಗಿಲ್ಲ.

ಯಾವ ಕಂಪ್ಯೂಟರ್ ಕೊಳ್ಳಲಿ? ನಿಮಗೆ ಕಂಪನಿಗಳು ಹಣ ಕೊಡುತ್ತವೆಯೇ?

ಕೊಡುವುದಿಲ್ಲ, ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಪರೀಕ್ಷೆಗೆ ಬಂದ ಸಾಧನ ಮರಳಿ ಹೋಗುತ್ತದೆ. ಮಾದರಿಯ ಹೆಸರು ಹೇಳುವುದಿಲ್ಲ, ಬರೆದ ಮಸಿ ಆರುವಷ್ಟರಲ್ಲಿ ಅದು ಹಳತಾಗಿರುತ್ತದೆ. ಎಸ್‌ಎಸ್‌ಡಿ ಇರಲಿ, ರ‍್ಯಾಮ್ 16 ಜಿಬಿ ಇರಲಿ. 8 ಜಿಬಿಯದೇ ಕೊಳ್ಳುವುದಾದರೆ ಮುಂದೆ ಹೆಚ್ಚಿಸಬಹುದೇ ಎಂದು ಮೊದಲೇ ಕೇಳಿ, ಈಗಿನ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಬಹಳ ಕಡೆ ಅದನ್ನು ಬೆಸೆದುಬಿಟ್ಟಿರುತ್ತಾರೆ. ಸಾಧ್ಯವಾದರೆ ಅದರ ಕೀಬೋರ್ಡ್ ಮೇಲೆ ಒಂದು ಪುಟ ಬರೆದು ನೋಡಿ.

ಹಳೆಯ ಕಂಪ್ಯೂಟರ್ ಬೇರೆಯವರಿಗೆ ಕೊಡುವ ಮೊದಲು ಏನು ಮಾಡಬೇಕು?

ಬ್ಯಾಕಪ್ ತೆರೆದು ಎಲ್ಲ ಬಂದಿದೆಯೇ ನೋಡಿ. ಬ್ರೌಸರ್ ಮತ್ತು ಖಾತೆಗಳಿಂದ ಹೊರಬನ್ನಿ. ಬರೀ ಫೈಲ್ ಅಳಿಸಿದರೆ ಸಾಲದು. ವಿಂಡೋಸ್‌ನಲ್ಲಿ ರೀಸೆಟ್ ದಿಸ್ ಪಿಸಿ ಆರಿಸಿ, ಎಲ್ಲವನ್ನೂ ತೆಗೆಯಿರಿ ಎಂದು ಹೇಳಿ, ಮುಂದಿನ ಪರದೆಯಲ್ಲಿ ಸೆಟ್ಟಿಂಗ್ಸ್ ಬದಲಿಸುವ ಕೊಂಡಿಯನ್ನು ಒತ್ತಿ ಕ್ಲೀನ್ ಡೇಟಾ ಎಂಬುದನ್ನು ಚಾಲೂ ಮಾಡಿ. ಆ ಕೊಂಡಿ ಚಿಕ್ಕದಾಗಿರುವುದರಿಂದ ಹೆಚ್ಚಿನವರು ಗಮನಿಸದೆ ದಾಟಿಹೋಗುತ್ತಾರೆ. ಹಾರ್ಡ್‌ಡಿಸ್ಕ್ ಇದ್ದರೆ ಇದಕ್ಕೆ ಹಲವು ಗಂಟೆ ಹಿಡಿಯಬಹುದು, ಚಾರ್ಜರ್ ಜೋಡಿಸಿಯೇ ಶುರುಮಾಡಿ. ಕಂಪ್ಯೂಟರ್ ಹಚ್ಚಲೇ ಆಗದ ಸ್ಥಿತಿಯಲ್ಲಿದ್ದರೆ ಡಿಸ್ಕ್ ಬಿಚ್ಚಿಸಿ ನಿಮ್ಮ ಬಳಿಯೇ ಇಟ್ಟುಕೊಂಡು ಉಳಿದದ್ದನ್ನು ಕೊಡಿ.